ಕಾರು ಲೋಯರ್ ಮಾಡಿಸಿದ ಮೇಲೆ ಅಲೈನ್‌ಮೆಂಟ್: ಜ್ಯಾಕ್ ಹಾಕಿ ಬಗ್ಗಿಸುವವರಿಂದ ಹುಷಾರ್

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ್ದೀರಾ? ಅಥವಾ ತಗ್ಗಿಸೋಣ ಅಂತಿದ್ದೀರಾ? ಹಾಗಾದರೆ ವೀಲ್ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿ ಮಾಡಿಸಲು, ಗಾಡಿ ಬಿಡುವ ಮೊದಲು ಇದನ್ನು ಓದಿಬಿಡಿ. ಮೆಷಿನ್ ಸ್ಕ್ರೀನ್ ಮೇಲೆ ಎಲ್ಲ ಅಂಕಿಯೂ ಹಸಿರು ಬಂದ ಮಾತ್ರಕ್ಕೆ ಕೆಲಸ ಸರಿಯಾಗಿದೆ ಅಂತಲ್ಲ. ಆ ಹಸಿರು ಹೇಗೆ ಬಂತು ಅಂತ ಕೇಳಬೇಕು. ನನ್ನ ಕಾರಿನಲ್ಲಿ ಅದು ಬಂದದ್ದು ಶಾಕ್ ಅಬ್ಸಾರ್ಬರನ್ನೇ ಬಗ್ಗಿಸಿ.

ಗಾಡಿ 2018ರ ಪೆಟ್ರೋಲ್ ಸ್ವಿಫ್ಟ್. ಟಯರ್ 185/65 ಆರ್15. ಮೈಸೂರಿನಲ್ಲಿ ಓಡಾಟ, ಆಗಾಗ ಮಡಿಕೇರಿ ಮೇಲೆ ಮಂಗಳೂರಿಗೆ. ಕಂಪನಿಯಿಂದ ಬರುವಾಗ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್ ಇರುತ್ತದೆ. ಲೋಯರಿಂಗ್ ಸ್ಪ್ರಿಂಗ್ ಹಾಕಿಸಿ ಸುಮಾರು 35 ಮಿಲಿಮೀಟರ್ ಇಳಿಸಿದ್ದೆ. ಹಳೇ ಸ್ಪ್ರಿಂಗನ್ನೇ ಗ್ಯಾಸ್ ಕಟರ್‌ನಲ್ಲಿ ಎರಡು ಸುತ್ತು ಕತ್ತರಿಸಿ ಹಾಕುತ್ತಾರಲ್ಲ, ಆ ಕೆಲಸ ಅಲ್ಲ. ಆ ತರ ಕತ್ತರಿಸಿದ ಸ್ಪ್ರಿಂಗ್ ಗುಂಡಿಯಲ್ಲಿ ಚಕ್ರ ಜೋತುಬಿದ್ದಾಗ ಕೂತ ಜಾಗದಿಂದಲೇ ಜಾರಬಹುದು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ, ಮಾಡಿಸಬೇಡಿ ಅಷ್ಟೇ.

ಸ್ಪ್ರಿಂಗ್ ಕೂರಿಸಿದ ಮೆಕ್ಯಾನಿಕ್ ಕೆಲಸದಲ್ಲಿ ಕೊಂಕು ತೆಗೆಯುವ ಹಾಗಿರಲಿಲ್ಲ. ಚಕ್ರದ ಬುಡವನ್ನು ಗಾಡಿಗೆ ಸೇರಿಸುವ ತೋಳು, ಅಂದರೆ ಲೋವರ್ ಆರ್ಮ್, ಅದರ ರಬ್ಬರ್ ಬುಷ್‌ನ ಬೋಲ್ಟನ್ನು ಅವರು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೇ ಪೂರ್ತಿ ಬಿಗಿ ಮಾಡಿದರು. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ತುಂಬಾ ಗ್ಯಾರೇಜ್‌ಗಳಲ್ಲಿ ಇದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ.

ಆದರೆ ಅವರ ಹತ್ತಿರ ಅಲೈನ್‌ಮೆಂಟ್ ಮೆಷಿನ್ ಇರಲಿಲ್ಲ. "ಹೊರಗಡೆ ಮಾಡಿಸ್ಕೊಳ್ಳಿ ಸಾರ್" ಅಂದರು. ತೊಂದರೆ ಶುರುವಾಗಿದ್ದು ಅಲ್ಲಿ.

ತಗ್ಗಿಸಿದರೆ ಅಲೈನ್‌ಮೆಂಟ್ ಯಾಕೆ ಕೆಡುತ್ತದೆ ಅನ್ನುವುದು ಗೊತ್ತಿದ್ದರೆ ಯಾರೂ ಸುಲಭವಾಗಿ ಟೋಪಿ ಹಾಕಲು ಆಗುವುದಿಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರವನ್ನು ಮೇಲ್ಗಡೆ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಂಬ) ಹಿಡಿದಿರುತ್ತದೆ, ಕೆಳಗಡೆ ಲೋವರ್ ಆರ್ಮ್. ಸ್ಟ್ರಟ್‌ನ ತುದಿ ಬಾಡಿಗೆ ಬೋಲ್ಟ್ ಆಗಿದೆ, ಅದು ಎಲ್ಲೂ ಹೋಗುವುದಿಲ್ಲ. ಲೋವರ್ ಆರ್ಮ್ ಮಾಮೂಲಾಗಿ ಹೊರಕ್ಕೆ ಇಳಿಜಾರಾಗಿರುತ್ತದೆ. ಗಾಡಿ ತಗ್ಗಿದಾಗ ಆ ಇಳಿಜಾರು ಕಮ್ಮಿಯಾಗಿ ಮಟ್ಟಕ್ಕೆ ಬರುತ್ತದೆ, ಅದರ ತುದಿ ಹೊರಕ್ಕೆ ಚಾಚುತ್ತದೆ. ಚಕ್ರದ ಬುಡ ಹೊರಗೆ ಹೋಯಿತು, ತಲೆ ಅಲ್ಲೇ ಉಳಿಯಿತು. ಇದೇ ನೆಗೆಟಿವ್ ಕ್ಯಾಂಬರ್. ಜೊತೆಗೆ ಚಕ್ರ ತಿರುಗಿಸುವ ಸ್ಟೇರಿಂಗ್‌ನ ಟೈ ರಾಡ್ ಮತ್ತು ಲೋವರ್ ಆರ್ಮ್ ಒಂದೇ ಕಮಾನಿನಲ್ಲಿ ತಿರುಗುವುದಿಲ್ಲ. ಹಾಗಾಗಿ ಟೋ ಕೂಡ ಬದಲಾಗುತ್ತದೆ. ಟೋ ಅಂದರೆ ಮೇಲಿಂದ ನೋಡಿದಾಗ ಎರಡು ಚಕ್ರದ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಅನ್ನುವುದು. ನನ್ನ ಗಾಡಿಯಲ್ಲಿ ಹೊರಕ್ಕೆ ಹೋಗಿತ್ತು. ಎಲ್ಲ ಕಾರಿನಲ್ಲೂ ಹಾಗೇ ಆಗಬೇಕು ಅಂತಿಲ್ಲ.

ಟಯರ್ ತಿನ್ನುವುದು ಮುಖ್ಯವಾಗಿ ಈ ಟೋ. ಎಲ್ಲರೂ ಬೈಯುವುದು ಮಾತ್ರ ಕ್ಯಾಂಬರನ್ನು, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನನ್ನ ಟಯರಿನ ಹೊರಸುತ್ತಿನ ವ್ಯಾಸ ಸುಮಾರು 620 ಮಿಲಿಮೀಟರ್. ಅಷ್ಟು ಉದ್ದಕ್ಕೆ ಎರಡೂ ಚಕ್ರ ಸೇರಿ 3 ಮಿಲಿಮೀಟರ್ ಟೋ ತಪ್ಪಿದ್ದರೆ, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಎರಡು ಟಯರ್ ನಡುವೆ ಹತ್ತಿರ ಹತ್ತಿರ 5 ಮೀಟರ್ ಅಡ್ಡಡ್ಡ ಉಜ್ಜಾಟ ಆಗುತ್ತದೆ. ಮೈಸೂರಿಂದ ಮಂಗಳೂರಿಗೆ ಹೋಗಿಬಂದರೆ ಎಷ್ಟು ರಬ್ಬರ್ ರಸ್ತೆಗೆ ಹೋಗುತ್ತದೆ, ನೀವೇ ಲೆಕ್ಕ ಹಾಕಿ. ಇನ್ನು ಟೋ ಸರಿಯಿದ್ದು ಕ್ಯಾಂಬರ್ ಮಾತ್ರ ಮೈನಸ್ ಒಂದು, ಒಂದೂವರೆ ಡಿಗ್ರಿ ಇದ್ದರೆ ಟಯರ್ ಒಳಗಡೆ ಸ್ವಲ್ಪ ಬೇಗ ಸವೆಯುತ್ತದೆ, ಅಷ್ಟೇ.

ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ, ಊರೂ ಬೇಡ. ಒಳ್ಳೆಯ ಮೆಷಿನ್, ಕ್ಯಾಮೆರಾ ಇರುವ 3ಡಿ, ಕೂರಲು ಎಸಿ ರೂಮು, ಕಾಫಿ ಬೇರೆ. ಮೊದಲ ರೀಡಿಂಗ್‌ನಲ್ಲಿ ಮುಂದಿನ ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 35 ಮಿನಿಟ್ (60 ಮಿನಿಟ್ ಅಂದರೆ ಒಂದು ಡಿಗ್ರಿ), ಬಲ ಮೈನಸ್ 1 ಡಿಗ್ರಿ 20. ಟೋ ಹೊರಕ್ಕೆ 3 ಮಿಲಿಮೀಟರ್. "ಸಾರ್, ಕ್ಯಾಂಬರ್ ಫುಲ್ ಔಟ್ ಆಗಿದೆ, ಟಯರ್ ತಿಂದ್ಹಾಕುತ್ತೆ. ಚಕ್ರಕ್ಕೆ 300 ರೂಪಾಯಿ ಎಕ್ಸ್‌ಟ್ರಾ, ಮಾಡಿಬಿಡ್ಲಾ?" ಅಂದ ಹುಡುಗ. "ಹೇಗೆ ಮಾಡ್ತೀರಿ? ಇದಕ್ಕೆ ಅಡ್ಜಸ್ಟ್‌ಮೆಂಟೇ ಇಲ್ವಲ್ಲ?" ಅಂದೆ. "ನಮ್ಮ ಹತ್ರ ಟೂಲ್ ಇದೆ ಸಾರ್, ದಿನಾ ಮಾಡ್ತೀವಿ" ಅಂದ.

ಒಂದು ಫೋನ್ ಬಂತು ಅಂತ ಹೊರಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಎಡಗಡೆ ಕೆಲಸ ಮುಗಿದಿತ್ತು, ಬಲಗಡೆ ಶುರುವಾಗಿತ್ತು. ಆ ಟೂಲ್ ಅಂದರೆ ಎರಡು ಕೊಕ್ಕೆ ಇರುವ ದಪ್ಪ ಕಬ್ಬಿಣದ ಚೌಕಟ್ಟು, ನಡುವೆ ಹೈಡ್ರಾಲಿಕ್ ಜ್ಯಾಕ್. ಕೊಕ್ಕೆಗಳನ್ನು ಸ್ಟ್ರಟ್‌ಗೆ ಸಿಕ್ಕಿಸಿ, ಜ್ಯಾಕ್‌ನ ಮೂತಿಯನ್ನು ಶಾಕ್‌ನ ಕೊಳವೆಗೆ ಆನಿಸಿ, ಒಬ್ಬ ಕೈಪಂಪು ಹೊಡೆಯುತ್ತಿದ್ದ. ಇನ್ನೊಬ್ಬ ಸ್ಕ್ರೀನ್ ನೋಡಿಕೊಂಡು "ಇನ್ನೊಂಚೂರು, ಇನ್ನೊಂಚೂರು" ಅನ್ನುತ್ತಿದ್ದ. ಟಕ್ ಅಂತ ಒಂದು ಸದ್ದು. ಸ್ಕ್ರೀನ್ ಮೇಲಿನ ಕೆಂಪು ಅಂಕಿ ಹಸಿರಾಯಿತು. ಜ್ಯಾಕ್ ಬಿಟ್ಟಾಗ ಕೊಳವೆಯ ಪೇಂಟ್ ಎದ್ದು ಬಂದು ಒಂದು ರೂಪಾಯಿ ನಾಣ್ಯದಷ್ಟಗಲ ಬರೀ ಕಬ್ಬಿಣ ಕಾಣುತ್ತಿತ್ತು. "ಏನಪ್ಪಾ ಇದು, ಬಗ್ಗಿಸ್ತಿದ್ದೀರಲ್ಲ?" ಅಂದರೆ, "ಎಲ್ಲಾ ಗಾಡಿಗೂ ಹೀಗೇ ಸಾರ್, ಏನೂ ಆಗಲ್ಲ" ಅನ್ನುವ ಉತ್ತರ.

ಆಗುತ್ತದೆ. ಸ್ಟ್ರಟ್ ಅಂದರೆ ಬರೀ ಕಂಬ ಅಲ್ಲ. ಅದರೊಳಗೆ ಎಣ್ಣೆ ಇದೆ, ಪಿಸ್ಟನ್ ಇದೆ, ನುಣ್ಣಗೆ ಪಾಲಿಶ್ ಮಾಡಿದ ರಾಡ್ ಇದೆ, ಅದನ್ನು ಸುತ್ತುವರಿದ ಸೀಲ್ ಇದೆ. ಕೊಳವೆ ಕೂದಲೆಳೆಯಷ್ಟು ಸೊಟ್ಟಗಾದರೂ ರಾಡ್ ಒಂದು ಪಕ್ಕಕ್ಕೆ ಒರೆಸಿಕೊಂಡೇ ಓಡಾಡುತ್ತದೆ. ಸೀಲ್ ಹೋಗುತ್ತದೆ, ಎಣ್ಣೆ ಸೋರುತ್ತದೆ. ಕೊಳವೆ ಉಳಿದು, ಚಕ್ರದ ಹಬ್ ಹಿಡಿದಿರುವ ನಕಲ್ ಅನ್ನುವ ಭಾಗಕ್ಕೆ ಬೋಲ್ಟ್ ಆಗುವ ಕೆಳಗಿನ ಬ್ರಾಕೆಟ್ ಬಗ್ಗಿದ್ದರೆ ಎಣ್ಣೆ ಸೋರದೇ ಇರಬಹುದು. ಆದರೆ ಬಗ್ಗಿದ ಜಾಗದಲ್ಲಿ ಕಬ್ಬಿಣದ ಬಲ ಹೋಗಿರುತ್ತದೆ. ದೊಡ್ಡ ಗುಂಡಿಗೆ ಬಿದ್ದಾಗ ಅಷ್ಟೂ ಏಟು ಅಲ್ಲಿಗೇ. ಅದರ ಬೆಸುಗೆ ಬಿಟ್ಟರೆ ಚಕ್ರ ಯಾವ ಕಡೆ ತಿರುಗುತ್ತದೆ ಅಂತ ಯೋಚಿಸುವುದೂ ಬೇಡ.

ಪ್ರಿಂಟ್‌ಔಟ್ ಮಾತ್ರ ಚೆನ್ನಾಗಿತ್ತು. ಎರಡೂ ಕಡೆ ಮೈನಸ್ 20 ಮಿನಿಟ್. ಟೋ ಸೊನ್ನೆ. ಕೆಲವು ದಿನ ಗಾಡಿ ನೆಟ್ಟಗೇ ಹೋಯಿತು. ಆಮೇಲೆ ಸಂಪಾಜೆ ಘಾಟಿ ಇಳಿಯುವಾಗ ಎಡಗಡೆಯಿಂದ ಡಗ್ ಡಗ್ ಅಂತ ಶಬ್ದ. ತಿರುವಿನಲ್ಲಿ ಮೂತಿ ಒಂದೇ ಕಡೆಗೆ ಕುಕ್ಕರಿಸುತ್ತಿತ್ತು. ಸುಳ್ಯದಲ್ಲಿ ನಿಲ್ಲಿಸಿ ಬಗ್ಗಿ ನೋಡಿದರೆ ಎಡ ಶಾಕ್ ಮೇಲಿಂದ ಕೆಳಗಿನವರೆಗೆ ಎಣ್ಣೆ, ಅದರ ಮೇಲೆ ಧೂಳು ಅಂಟಿ ಕರ್ರಗಾಗಿತ್ತು.

ಅಲೈನ್‌ಮೆಂಟ್ ಅಂಗಡಿಯವರ ಉತ್ತರ ನೀವು ಊಹಿಸಿರುತ್ತೀರಿ: "ಲೋಯರ್ ಮಾಡಿಸಿದ್ದೀರಲ್ಲ ಸಾರ್, ಅದಕ್ಕೇ ಹೋಗಿದೆ." ತಗ್ಗಿಸಿದ ಗಾಡಿಯಲ್ಲಿ ಏನೇ ಆದರೂ ಈ ಒಂದು ಮಾತಿನಲ್ಲಿ ಕೈ ತೊಳೆದುಕೊಳ್ಳಬಹುದು. ಅದರಲ್ಲಿ ಅರ್ಧ ನಿಜ ಇರುವುದರಿಂದಲೇ ಅದು ನಡೆಯುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿದರೆ ಶಾಕ್‌ನ ಆಯಸ್ಸು ಕಮ್ಮಿಯಾಗುವುದು ಹೌದು. ಆದರೆ ನನ್ನ ಶಾಕ್ ಬಿಚ್ಚಿ ಮೇಜಿನ ಮೇಲಿಟ್ಟಾಗ, ಪೇಂಟ್ ಎದ್ದ ಜಾಗದಲ್ಲೇ ಕೊಳವೆ ಒಳಕ್ಕೆ ತಗ್ಗಾಗಿತ್ತು. ರಾಡನ್ನು ಕೈಯಲ್ಲಿ ಒತ್ತಿದರೆ ಅರ್ಧಕ್ಕೆ ಬಂದು ಹಿಡಿದುಕೊಳ್ಳುತ್ತಿತ್ತು. ಬಲಗಡೆಯದು ಇನ್ನೂ ಸೋರಿರಲಿಲ್ಲ, ಆದರೆ ಗುರುತು ಅಲ್ಲೂ ಇತ್ತು. ಫೋಟೋ ತೋರಿಸಿದೆ. 600 ರೂಪಾಯಿ ವಾಪಸ್ ಕೊಡುತ್ತೇವೆ ಅಂದರು. ಎರಡು ಹೊಸ ಶಾಕ್‌ನ ದುಡ್ಡು ನನ್ನ ಜೇಬಿಂದಲೇ ಹೋಯಿತು.

ಸರಿಯಾದ ದಾರಿ ಇಲ್ಲದೇ ಇಲ್ಲ. ಸ್ವಿಫ್ಟ್‌ನಂಥ ಕಾರುಗಳಲ್ಲಿ ಸ್ಟ್ರಟ್ ಮತ್ತು ನಕಲ್ ಎರಡು ಬೋಲ್ಟ್‌ಗಳಲ್ಲಿ ಸೇರುತ್ತವೆ. ಅದರಲ್ಲಿ ಒಂದರ ಬದಲು ಕ್ಯಾಂಬರ್ ಬೋಲ್ಟ್ ಹಾಕಬಹುದು. ಅದರ ನಡುಭಾಗ ಸ್ವಲ್ಪ ಸಣ್ಣ, ಒಂದು ಕಡೆ ಉಬ್ಬು. ತಿರುಗಿಸಿದಂತೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಒಂದು, ಒಂದೂಕಾಲು ಡಿಗ್ರಿ ಸರಿಪಡಿಸಲು ಸಾಕು. ನಿಮ್ಮ ಬೋಲ್ಟ್ ಅಳತೆಗೆ ಸರಿಹೊಂದುವುದನ್ನೇ ತರಬೇಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಬೇಕು, ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಸಡಿಲವಾದರೆ ಕ್ಯಾಂಬರ್ ಜಾರುತ್ತದೆ, ಅದರ ಜೊತೆ ಟೋ ಕೂಡ.

ಫೋಕ್ಸ್‌ವ್ಯಾಗನ್ ಪೋಲೋ ಇಟ್ಟುಕೊಂಡವರು ಮಾತ್ರ ಈ ಬೋಲ್ಟ್ ಕೊಳ್ಳಲು ಹೋಗಬೇಡಿ. ಅದರಲ್ಲಿ ಸ್ಟ್ರಟ್ ನೇರವಾಗಿ ನಕಲ್‌ನ ತೂತಿನೊಳಗೆ ಕೂತು ಕ್ಲ್ಯಾಂಪಿನಂತೆ ಬಿಗಿಯಾಗುತ್ತದೆ, ಎರಡು ಬೋಲ್ಟ್ ವ್ಯವಸ್ಥೆಯೇ ಇಲ್ಲ. ಇನ್ನು ಸ್ವಿಫ್ಟ್‌ನಂಥ ಕಾರುಗಳಿಗೆ, ಕ್ಯಾಂಬರ್ ಬೋಲ್ಟ್ ಯಾಕೆ, ಸ್ಟ್ರಟ್ ಬ್ರಾಕೆಟ್‌ನ ತೂತನ್ನೇ ಗ್ರೈಂಡರ್‌ನಲ್ಲಿ ಉದ್ದ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಜ್ಯಾಕ್‌ಗಿಂತ ವಾಸಿ ಅಂತ ಅನ್ನಿಸಬಹುದು. ನಾನಂತೂ ಮಾಡಿಸಲ್ಲ. ಉದ್ದವಾದ ತೂತಿನಲ್ಲಿ ಬೋಲ್ಟನ್ನು ಹಿಡಿದಿಡುವುದು ಬರೀ ಬಿಗಿತ, ನಮ್ಮ ರಸ್ತೆಗಳಲ್ಲಿ ಅದನ್ನು ನಂಬಿ ಹೇಗೆ ಕೂರುವುದು?

ಈಗ ನನ್ನ ಗಾಡಿಯಲ್ಲಿ ಹೊಸ ಶಾಕ್, ಕ್ಯಾಂಬರ್ ಬೋಲ್ಟ್, ಎರಡೂ ಕಡೆ ಮೈನಸ್ 50 ಮಿನಿಟ್. ಸೊನ್ನೆಗೆ ತರಲು ಹೋಗಲಿಲ್ಲ. ಎರಡೂ ಕಡೆ ಒಂದೇ ಸಮ ಇರುವುದು ಮುಖ್ಯ. ಎಡ ಬಲದ ನಡುವೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಡಿ ಒಂದು ಕಡೆಗೆ ಎಳೆಯಲು ಶುರುಮಾಡುತ್ತದೆ.

ಕೆಲಸದ ಕ್ರಮವೂ ಗೊತ್ತಿರಲಿ. ಹೊಸ ಸ್ಪ್ರಿಂಗ್ ಸ್ವಲ್ಪ ದಿನದಲ್ಲಿ ಇನ್ನೊಂದಿಷ್ಟು ಕೂರುತ್ತದೆ. ಹಾಗಂತ ಅಲ್ಲಿಯವರೆಗೆ ಕೆಟ್ಟ ಟೋ ಇಟ್ಟುಕೊಂಡು ಓಡಿಸಬೇಡಿ. ಅವತ್ತೇ ಟೋ ಮಾತ್ರ ಸರಿ ಮಾಡಿಸಿ, ಸ್ಪ್ರಿಂಗ್ ಕೂತ ಮೇಲೆ ಪೂರ್ತಿ ಮಾಡಿಸಿ. ಮೊದಲು ಕ್ಯಾಂಬರ್, ಆಮೇಲೆ ಟೋ. ಉಲ್ಟಾ ಮಾಡಿದರೆ ಕ್ಯಾಂಬರ್ ಮುಟ್ಟಿದ ತಕ್ಷಣ ಟೋ ಮತ್ತೆ ಕೆಡುತ್ತದೆ. ಮೆಷಿನ್ ಹಾಕುವ ಮೊದಲು ನಾಲ್ಕೂ ಟಯರಿನ ಗಾಳಿ ನೋಡಿದರಾ, ಸ್ಟೇರಿಂಗ್ ನೆಟ್ಟಗೆ ಲಾಕ್ ಮಾಡಿದರಾ, ಪಟ್ಟಿಯಲ್ಲಿ ನಿಮ್ಮದೇ ಮಾಡೆಲ್ ಒತ್ತಿದರಾ ನೋಡಿ. ಒಮ್ಮೆ ನನ್ನ ಸ್ವಿಫ್ಟ್‌ಗೆ ಹಳೇ ಡಿಸೈರ್‌ನ ಅಂಕಿ ಹಾಕಿ ಕೂತಿದ್ದರು. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರಾದರೆ ಟೋ ಬದಲಿಸಿದ ಮೇಲೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ರೀಸೆಟ್ ಬೇಕಾಗಬಹುದು, ಕೇಳಿ.

ಹಿಂದಿನ ಚಕ್ರದ ಕ್ಯಾಂಬರ್, ಟೋ ಸರಿ ಮಾಡಿದ್ದೀವಿ ಅಂತ ಬಿಲ್ ಹಾಕಿದರೆ ಒಂದೇ ಪ್ರಶ್ನೆ: ಯಾವ ಬೋಲ್ಟ್ ತಿರುಗಿಸಿದಿರಿ? ಸ್ವಿಫ್ಟ್, ಪೋಲೋ, ಐ20 ತರದ ಕಾರುಗಳ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರ ಸೇರಿಸುವ ಒಂದೇ ತೊಲೆ. ಅದರಲ್ಲಿ ತಿರುಗಿಸಲು ಏನೂ ಇಲ್ಲ. ತೀರಾ ಬೇಕಾದರೆ ಹಬ್ ಹಿಂದೆ ಶಿಮ್, ಅಂದರೆ ತೆಳು ಬಿಲ್ಲೆ, ಹಾಕಬಹುದು. ಗಾಡಿ ತಗ್ಗಿಸಿದ್ದರಿಂದ ಅಲ್ಲಿ ಹೆಚ್ಚೇನೂ ಕೆಡುವುದಿಲ್ಲ. ರೀಡಿಂಗ್ ತುಂಬಾ ತಪ್ಪಿದ್ದರೆ ತೊಲೆ ಎಲ್ಲೋ ಏಟು ತಿಂದಿದೆ ಅಂತ ಅರ್ಥ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವ ಹಾಗಿಲ್ಲ. ಸ್ಪ್ರಿಂಗ್ ಬದಲಿಸಿದ್ದನ್ನು ಮುಂದಿಟ್ಟುಕೊಂಡು ಇನ್ಶೂರೆನ್ಸ್‌ನವರು ಕ್ಲೇಮಿನಲ್ಲಿ ಕೊಸರಾಡಬಹುದು. ಹಳೇ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ, ವಾಪಸ್ ಕೂರಿಸಬೇಕಾಗಿ ಬರಬಹುದು.

ಇದು ಲೋಯರ್ ಮಾಡಿಸಿದವರ ತೊಂದರೆ ಮಾತ್ರ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೂ ಮುಂದಿನ ಎರಡು ಸ್ಟ್ರಟ್‌ಗೆ ಟಾರ್ಚ್ ಬಿಟ್ಟು ನೋಡಿ. ಸ್ಪ್ರಿಂಗ್ ತಟ್ಟೆಯ ಕೆಳಗೆ, ಬ್ರಾಕೆಟ್ ಮೇಲೆ ದುಂಡಗೆ ಪೇಂಟ್ ಎದ್ದಿದ್ದರೆ, ಕೊಕ್ಕೆ ಕಚ್ಚಿದ ಗೀರು ಇದ್ದರೆ ಅನುಮಾನ ಪಡಿ. ಆಮೇಲೆ ಅಲೈನ್‌ಮೆಂಟ್ ಮೆಷಿನ್‌ನಲ್ಲಿ ಇನ್‌ಕ್ಲೂಡೆಡ್ ಆ್ಯಂಗಲ್ ತೋರಿಸಿ ಅನ್ನಿ. ಕ್ಯಾಂಬರ್ ಮತ್ತು ಸ್ಟೇರಿಂಗ್ ಅಕ್ಷದ ವಾಲು ಎರಡನ್ನೂ ಕೂಡಿದ ಅಂಕಿ ಅದು. ಗಾಡಿ ತಗ್ಗಿಸಿದರೂ ಎತ್ತರಿಸಿದರೂ ಅದು ಬದಲಾಗುವುದಿಲ್ಲ, ಸ್ಟ್ರಟ್ಟೋ ನಕಲ್ಲೋ ಬಗ್ಗಿದರೆ ಬದಲಾಗುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿದ್ದರೂ ಬದಲಾಗುತ್ತದೆ, ಹಾಗಾಗಿ ಮೊದಲು ಬೋಲ್ಟ್ ಯಾವುದು ಅಂತ ನೋಡಿಕೊಳ್ಳಿ. ಬೋಲ್ಟ್ ಕಂಪನಿಯದೇ ಆಗಿದ್ದು ಎಡ ಬಲದ ಅಂಕಿ ತಾಳೆಯಾಗದಿದ್ದರೆ, ಎರಡು ಹೊಸ ಸ್ಟ್ರಟ್‌ನ ದುಡ್ಡು ಕಳೆದೇ ವ್ಯಾಪಾರ ಮಾತಾಡಿ.