ಹಿತ್ತಲಿನ ಇಲಿ ಪೆಟ್ಟಿಗೆ: 14 ತಿಂಗಳು ಬಳಸಿದ ಮೇಲೆ

ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ಕರೋರಿಯಲ್ಲಿ ನಮ್ಮ ಮನೆ. ಝೀಲ್ಯಾಂಡಿಯಾ ಪಕ್ಷಿಧಾಮದ ಬೇಲಿಗೆ ನಡೆದರೆ ಕಾಲು ಗಂಟೆ. ಕಳೆದ ವರ್ಷ ಬೀದಿಯವರೆಲ್ಲ ಸೇರಿ ಹಕ್ಕಿಗಳನ್ನು ಕಾಯಲು ಮನೆಗೊಂದು ಇಲಿ ಪೆಟ್ಟಿಗೆ ಇಡೋಣ ಅಂದಾಗ 20 ಡಾಲರ್ ಕೊಟ್ಟು ನಾನೂ ಒಂದು ತಂದೆ. ಇಲ್ಲಿನ ಕನ್ನಡದವರು ಕೆಲವರು "ಹೇಗಿದೆ, ತರಬಹುದಾ?" ಎಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊಳದುದ್ದದ ಹಲಗೆಯ ಗೂಡು. ಒಂದು ತುದಿಯಲ್ಲಿ ಬಳೆಯಷ್ಟು ಅಗಲದ ತೂತು, ಇನ್ನೊಂದು ತುದಿಗೆ ತಂತಿಜಾಲರಿ. ಒಳಗಿರುವುದು ನಮ್ಮೂರಿನಂತೆ ಇಲಿಯನ್ನು ಜೀವಂತ ಹಿಡಿಯುವ ಬೋನಲ್ಲ; ಹಳದಿ ಪೆಡಲ್ ತುಳಿದ ಕೂಡಲೇ ಕತ್ತಿನ ಮೇಲೆ ಕಂಬಿ ಬಡಿಯುತ್ತದೆ. ತೂತು ಚಿಕ್ಕದಾಗಿರುವುದರಿಂದ ಪಕ್ಕದ ಮನೆಯ ಬೆಕ್ಕಾಗಲಿ, ನೆಲ ಕೆದಕುವ ಹಕ್ಕಿಯಾಗಲಿ ಸಿಕ್ಕಿಕೊಂಡಿಲ್ಲ. ನನಗೆ ಅತಿ ಮುಖ್ಯವಾದದ್ದು ಇದೇ.

ಮೊದಲ ಮೂರು ವಾರ ಏನೂ ಬೀಳಲಿಲ್ಲ. ಪೆಟ್ಟಿಗೆಯನ್ನು ಹುಲ್ಲಿನ ನಡುವೆ ಇಟ್ಟಿದ್ದೆ. ಇಲಿ ಬಯಲು ದಾಟಲು ಹೆದರುತ್ತದೆ, ಗೋಡೆ ಹಿಡಿದೇ ಓಡಾಡುತ್ತದೆ. ಗೊಬ್ಬರದ ತೊಟ್ಟಿಯ ಪಕ್ಕ, ಬೇಲಿಗೆ ಒತ್ತಿ ಇಟ್ಟೆ. ಹೊಸ ವಸ್ತು ಕಂಡರೂ ಅದಕ್ಕೆ ಅನುಮಾನ. ಹಾಗಾಗಿ ಐದು ದಿನ ಬೋನು ಹೂಡದೆ ಬರೀ ತಿಂಡಿ ಇಟ್ಟೆ. ಹೂಡಿದ ಮಾರನೇ ಬೆಳಿಗ್ಗೆಯೇ ಮೊದಲನೆಯದು ಬಿತ್ತು. ನಮ್ಮೂರು ಸಾಗರದಲ್ಲಿ ಅಪ್ಪ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದರು. ಇಲ್ಲಿ ಅದನ್ನು ಮುಟ್ಟಲಿಲ್ಲ, ಪೀನಟ್ ಬಟರ್ ಬೇಕು. ಕಡಲೆಕಾಳಿನಷ್ಟು ಸಾಕು, ಹೆಚ್ಚಾದರೆ ಪೆಡಲ್ ತುಳಿಯದೆ ಅಂಚಿನಿಂದಲೇ ನೆಕ್ಕಿ ಹೋಗುತ್ತದೆ. ಮಳೆ ಹಿಡಿದರೆ ಚಿಪ್ಪಿಲ್ಲದ ಬಸವನಹುಳುಗಳು ರಾತ್ರಿಯಲ್ಲೇ ಖಾಲಿ ಮಾಡುತ್ತವೆ, ವಾರಕ್ಕೊಮ್ಮೆ ಬದಲಿಸಿ.

ಬಿದ್ದದ್ದನ್ನು ಕೈಗವಸು ಹಾಕಿಯೇ ತೆಗೆಯಿರಿ, ಇಲಿ ಜ್ವರದ ಭಯ ಇಲ್ಲೂ ಉಂಟು. ನನಗೆ ಸಿಕ್ಕವೆಲ್ಲ ಹಡಗಿನ ಇಲಿಗಳು: ಬಾಲ ಮೈಗಿಂತ ಉದ್ದ, ಕಿವಿ ಮುಂದಕ್ಕೆ ಮಡಚಿದರೆ ಕಣ್ಣು ಮುಚ್ಚುವಷ್ಟು ದೊಡ್ಡದು. ಈ ಜಾತಿಯ ಮೂಲ ನಮ್ಮ ಭಾರತವೇ. ಹಡಗು ಹತ್ತಿ ಬಂದು, ಬಾವಲಿಗಳನ್ನು ಬಿಟ್ಟರೆ ನೆಲದ ಮೇಲಿನ ಸಸ್ತನಿಯೇ ಇರದಿದ್ದ ಈ ದೇಶದಲ್ಲಿ ಮರ ಹತ್ತಿ ಮೊಟ್ಟೆ, ಮರಿ ತಿನ್ನುತ್ತಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಗಣಪತಿ ವಾಹನ ಮಾರಾಯ್ತಿ, ಕೊಲ್ತೀಯಲ್ಲೇ?" ಅಂದರು. ನಮ್ಮ ಗಿಡದಲ್ಲಿ ಪಿವಾಕವಾಕ ಹಕ್ಕಿ ಜೇಡರಬಲೆಯಿಂದ ಬಿಗಿದು ಲೋಟದಷ್ಟು ಗೂಡು ಕಟ್ಟಿದ್ದು, ಭಾನುವಾರ ಮೂರು ಮರಿ ಇದ್ದದ್ದು, ಸೋಮವಾರ ಬೆಳಿಗ್ಗೆ ಗೂಡು ವಾಲಿ ಬರಿದಾಗಿದ್ದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಯಿ ಹಕ್ಕಿ ಮತ್ತೆ ಬಂತಾ?" ಅಂತ ಕೇಳಿದರು.

ಝೀಲ್ಯಾಂಡಿಯಾ 225 ಹೆಕ್ಟೇರ್. ಸುತ್ತ 8.6 ಕಿಲೋಮೀಟರ್ ಬೇಲಿ, 1999ರಲ್ಲಿ ಮುಗಿದದ್ದು; ಇಲಿಯಂಥವು ಹತ್ತಿ ದಾಟದಂತೆ ಮೇಲೆ ಬಾಗಿದ ತಗಡು, ಕೊರೆದು ನುಗ್ಗದಂತೆ ಕೆಳಗೆ ಮಣ್ಣೊಳಗೂ ಜಾಲರಿ. ಆದರೆ ಹಕ್ಕಿಗೆ ಬೇಲಿಯುಂಟೇ? ಕಾಕಾ ಎಂಬ ಕಂದು ಗಿಳಿಗಳನ್ನು 2002ರಲ್ಲಿ ಅಲ್ಲಿಗೆ ಬಿಟ್ಟರು. ಈಗ ಬೆಳಗಾದರೆ ನಮ್ಮ ಮಾಡಿನ ಮೇಲೆ ಕಿರುಚುತ್ತವೆ. ಅವು ಬೇಲಿಯಾಚೆ ಬಂದ ಮೇಲೆ ಕಾಯಬೇಕಾದವರು ನಾವು. 2050ರ ಹೊತ್ತಿಗೆ ದೇಶದಲ್ಲಿ ಇಲಿ, ಸ್ಟೋಟ್ (ಮುಂಗುಸಿಯಂತೆ ಕಾಣುವ ಬೇಟೆ ಪ್ರಾಣಿ), ಪೋಸಮ್ (ಮರ ಹತ್ತುವ, ಬೆಕ್ಕಿನಷ್ಟು ದೊಡ್ಡ ಪ್ರಾಣಿ) ಇರಬಾರದೆಂದು ಸರ್ಕಾರ 2016ರಲ್ಲಿ ಗುರಿ ಇಟ್ಟಿತು. ಊರೊಳಗೆ ಆ ಕೆಲಸ ಹಿತ್ತಲುಗಳನ್ನು ಬಿಟ್ಟು ಆಗುವಂಥದ್ದಲ್ಲ.

ಈಗ ದೋಷ. ದಕ್ಷಿಣದ ಗಾಳಿಮಳೆಗೆ ಹಲಗೆ ಉಬ್ಬಿ ಮುಚ್ಚಳ ಬಿಗಿಯಾಗುತ್ತದೆ, ಅದನ್ನು ಸಹಿಸಬಹುದು. ಆದರೆ ಮೊದಲು ಪೆಟ್ಟಿಗೆಯೊಂದಿಗೆ ಕೊಟ್ಟ ಬೋನಿನ ಸ್ಪ್ರಿಂಗ್ ಸಡಿಲವಾಗಿತ್ತು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಇಲಿಯ ಹಿಂಗಾಲು ಮಾತ್ರ ಸಿಕ್ಕಿ, ಇನ್ನೂ ಜೀವ ಇತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು. ಎದುರು ಮನೆಯ ಅಜ್ಜ ಬಂದು ಒಂದೇ ಏಟಿಗೆ ಮುಗಿಸಿದರು; ನಾನು ಆ ದಿನ ಊಟ ಮಾಡಲಿಲ್ಲ. ಮಾರಿದವರು ಬೇರೆ ಬೋನು ಕೊಟ್ಟರು, ಕ್ಷಮೆ ಕೇಳಲಿಲ್ಲ. ಕೊಲ್ಲುವುದೇ ಆದರೆ ನರಳಿಸದೆ ಕೊಲ್ಲಬೇಕು. ತರುವ ಮುಂಚೆ ಪೆನ್ಸಿಲಿನಿಂದ ಪೆಡಲ್ ಒತ್ತಿ ನೋಡಿ: ಕಂಬಿ ಪೆನ್ಸಿಲನ್ನು ಮುರಿಯುವಷ್ಟು ರಭಸದಿಂದ ಬಡಿಯದಿದ್ದರೆ ಬೇಡ. ಬದಲಿಸಿದ ಬೋನಿನಲ್ಲಿ 17 ಬಿದ್ದಿವೆ, ಎಲ್ಲವೂ ಕೂಡಲೇ ಸತ್ತವು.

ಸ್ಟೋಟ್‌ಗೆ ಈ ಪೆಟ್ಟಿಗೆ ನೆಚ್ಚಬೇಡಿ. ಅದಕ್ಕೆ ಡಾಕ್ 200 ಎಂಬ ಸ್ಟೀಲ್ ಬೋನಿದೆ, ದುಬಾರಿ. ಇಲಿಗೆ ಮಾತ್ರವಾದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೂಡುವುದನ್ನು ಕಣ್ಣಾರೆ ನೋಡಬೇಕೆನಿಸಿದರೆ ಶನಿವಾರ ಬೆಳಿಗ್ಗೆ ಮನೆಗೆ ಬನ್ನಿ, ಪೀನಟ್ ಬಟರ್ ಬದಲಿಸುವುದು ಆಗಲೇ.