ಆ್ಯಂಬುಲೆನ್ಸ್‌ಗಿಂತ ಮೊದಲು ತಲುಪಿದ ದನಿ

ತುರ್ತು ಆ್ಯಂಬುಲೆನ್ಸ್ ಸೇವೆ ಹೇಗಿತ್ತೆಂದು ಕೇಳಿದರೆ ವಾಹನ ಎಷ್ಟು ಬೇಗ ಬಂತು ಎಂಬುದನ್ನೇ ಎಲ್ಲರೂ ಮೊದಲು ಹೇಳುತ್ತಾರೆ. ನಮ್ಮ ವಾಹನ ಕರೆ ಮಾಡಿದ 17ನೆಯ ನಿಮಿಷಕ್ಕೆ ಬಂತು. ಅಷ್ಟರಲ್ಲಿ ಮಗು ಹುಟ್ಟಿ 11 ನಿಮಿಷ ಕಳೆದಿತ್ತು. ಹೀಗಾಗಿ ಈ ವಿಮರ್ಶೆ ಮುಖ್ಯವಾಗಿ ವಾಹನದ ಕುರಿತಾದದ್ದಲ್ಲ, ಅದು ಬರುವ ತನಕ ಫೋನಿನಲ್ಲಿ ದೊರೆತ ಹೆರಿಗೆ ಮಾರ್ಗದರ್ಶನದ ಕುರಿತಾದದ್ದು.

ನನ್ನ ಹೆಂಡತಿಯ ಮೊದಲ ಹೆರಿಗೆಗೆ 14 ಗಂಟೆ ಹಿಡಿದಿತ್ತು. ಎರಡನೆಯದಕ್ಕೆ ಬೆಳಗಿನ ಜಾವ ಮೂರೂವರೆಗೆ ನೋವು ಶುರುವಾದಾಗ ಅದೇ ಲೆಕ್ಕ ನಮ್ಮ ತಲೆಯಲ್ಲಿತ್ತು. 10 ನಿಮಿಷಕ್ಕೊಮ್ಮೆ ಬರುತ್ತಿದ್ದ ನೋವು ಅರ್ಧ ಗಂಟೆಯೊಳಗೆ 3 ನಿಮಿಷಕ್ಕೊಮ್ಮೆ ಬರತೊಡಗಿದಾಗಲೂ ನಾನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಸರಿಯಾಗಿ ನೋವು ಕಾಣಿಸಿಕೊಂಡ 3 ಗಂಟೆಯೊಳಗೆ ಮಗು ಹುಟ್ಟುವುದನ್ನು ವೈದ್ಯರು ಅತಿವೇಗದ ಹೆರಿಗೆ ಎಂದು ಕರೆಯುತ್ತಾರೆ ಮತ್ತು ಹಿಂದೆ ಹೆತ್ತವರಲ್ಲಿ ಅದರ ಸಾಧ್ಯತೆ ಹೆಚ್ಚು ಎಂಬುದು ಆಮೇಲೆ ತಿಳಿಯಿತು. ಕಾರು ಹೊರಟ ಸ್ವಲ್ಪ ಹೊತ್ತಿಗೆ ಅವಳು ಶೌಚಕ್ಕೆ ಹೋಗಬೇಕೆಂದಳು. ನಾನು ಅದನ್ನು ಅಕ್ಷರಶಃ ನಂಬಿ, ಆಸ್ಪತ್ರೆ ಸಿಗುವ ತನಕ ತಡೆದುಕೋ ಎಂದೆ. ಮಗುವಿನ ತಲೆ ಕೆಳಗಿಳಿದು ಗುದದ್ವಾರದ ಮೇಲೆ ಒತ್ತಿದಾಗ ಹಾಗೆಯೇ ಅನ್ನಿಸುತ್ತದೆಯಂತೆ. ಎರಡು ನಿಮಿಷದ ನಂತರ ತಲೆ ಬರುತ್ತಿದೆ ಎಂದು ಅವಳು ಕೂಗಿದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕರೆ ಮಾಡಿದೆ. ಆಗ ಸಮಯ 4.38.

ಮೊದಲು ಅತೃಪ್ತಿಯ ಸಂಗತಿ. ಕರೆ ಎತ್ತಿದ ವ್ಯಕ್ತಿ ಸ್ಥಳ, ಹೆಸರು, ನಂಬರು ಕೇಳಿ ಬರೆದುಕೊಂಡು ಮತ್ತೊಬ್ಬರಿಗೆ ವರ್ಗಾಯಿಸಿದರು. ಅವರೂ ಸ್ಥಳ, ಹೆಸರು, ನಂಬರನ್ನೇ ಕೇಳಿದರು. ಮೊಬೈಲಿಗೆ ಬಂದ ಲಿಂಕನ್ನು ಒತ್ತಿದರೆ ನಾವಿರುವ ಜಾಗ ಅವರಿಗೆ ಕಾಣುತ್ತದೆ ಎಂದರು, ಸ್ಪೀಕರಿನಲ್ಲಿ ಮಾತನಾಡುತ್ತ ನಡುಗುವ ಬೆರಳಿನಿಂದ ಅದನ್ನು ತೆರೆಯಲು ನನಗೆ ಮೂರು ಪ್ರಯತ್ನ ಬೇಕಾಯಿತು. ಹೆರಿಗೆಗೆ ಉಳಿದಿದ್ದ 6 ನಿಮಿಷಗಳಲ್ಲಿ ಸುಮಾರು ಒಂದೂವರೆ ನಿಮಿಷ ಹೀಗೆ ಹೋಯಿತು.

ಅಲ್ಲಿಂದಾಚೆಗೆ ಆ ಮಹಿಳೆ ನಡೆಸಿಕೊಟ್ಟ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ತಲೆ ಕಾಣಿಸುತ್ತಿದೆಯೇ ಎಂದು ಕೇಳಿ, ಹೌದೆಂದ ಕೂಡಲೇ ಇನ್ನು ಕಾರು ಓಡಿಸಬೇಡಿ, ಮಗು ಇಲ್ಲೇ ಹುಟ್ಟುತ್ತದೆ ಎಂದರು. ಆ ಒಂದು ಮಾತಿನಿಂದ ಆಸ್ಪತ್ರೆಯ ದಾರಿಯಲ್ಲೇ ಓಡುತ್ತಿದ್ದ ನನ್ನ ಮನಸ್ಸು ಹಿಂದಿನ ಸೀಟಿಗೆ ಬಂದು ನಿಂತಿತು. ಒಂದು ಸಲಕ್ಕೆ ಒಂದೇ ಸೂಚನೆ ಕೊಡುತ್ತಿದ್ದರು, ಮಾಡಿದೆ ಎಂದು ನನ್ನ ಬಾಯಿಂದ ಕೇಳುವ ತನಕ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ತಲೆ ಹೊರಬರುವಾಗ ಜೋರಾಗಿ ಮುಕ್ಕದೆ ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡುವಂತೆ ಅವಳಿಗೆ ಹೇಳಬೇಕಿತ್ತು, ನಾನು ಅಂಗೈಯನ್ನು ತಲೆಗೆ ಮೃದುವಾಗಿ ಆನಿಸಬೇಕಿತ್ತು. ತಲೆ ಒಮ್ಮೆಲೇ ನುಗ್ಗಿದರೆ ತಾಯಿಗೆ ಹರಿದ ಗಾಯವಾಗುತ್ತದೆ, ಆದರೆ ಅದನ್ನು ಒಳಕ್ಕೆ ತಳ್ಳುವುದಾಗಲಿ ಹೊರಕ್ಕೆ ಎಳೆಯುವುದಾಗಲಿ ಕೂಡದು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ನೋಡಿ ಎಂದರು. ಒಂದು ಸುತ್ತು ಇತ್ತು, ಸಡಿಲವಾಗಿತ್ತು. ಅವರು ಹೇಳಿದಂತೆ ತಲೆಯ ಮೇಲಿನಿಂದ ಜಾರಿಸಿದೆ. ಆ ಕ್ಷಣದಲ್ಲಿ ಅವರ ದನಿ ಏರಿದ್ದರೆ ನನ್ನ ಕೈ ನಿಂತುಬಿಡುತ್ತಿತ್ತು ಎಂದು ಖಂಡಿತವಾಗಿ ಹೇಳಬಲ್ಲೆ. ಮಗು ಜಾರುತ್ತದೆ, ಬಟ್ಟೆಯಿಂದ ಹಿಡಿಯಿರಿ ಎಂದ ಮಾತು ಮುಗಿಯುವುದರೊಳಗೆ ಮಗು ನನ್ನ ಕೈಗೆ ಬಂದಿತ್ತು. ಬೆನ್ನು ಒರೆಸುವಾಗ ಅತ್ತಿತು. ಸಮಯ 4.44, ಬರೆದುಕೊಂಡೆ ಎಂದರು.

ಬ್ಯಾಗಿನಲ್ಲಿ ಕತ್ತರಿಯಿತ್ತು, ಬಳ್ಳಿ ಕತ್ತರಿಸಲೇ ಎಂದು ಕೇಳಿದೆ. ಬೇಡವೇ ಬೇಡ, ಮುಟ್ಟಲೂ ಬೇಡಿ, ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಹೊದಿಸಿ ಎಂದು ಖಚಿತವಾಗಿ ಹೇಳಿದರು. ಕಥೆಗಳಲ್ಲಿ ಮಗು ಹುಟ್ಟಿದೊಡನೆ ಬಳ್ಳಿ ಕತ್ತರಿಸುವುದನ್ನೇ ಓದಿ ಬೆಳೆದ ನನಗೆ ಇದು ವಿಚಿತ್ರವೆನಿಸಿತು. ಆದರೆ ಆಸ್ಪತ್ರೆಯಲ್ಲಿಯೂ 1 ನಿಮಿಷಕ್ಕೆ ಮೊದಲು ಬಳ್ಳಿಗೆ ಕ್ಲಿಪ್ ಹಾಕಬಾರದು, 1ರಿಂದ 3 ನಿಮಿಷ ಕಾಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಅಷ್ಟು ಹೊತ್ತು ಮಾಸಿನಿಂದ ಮಗುವಿಗೆ ರಕ್ತ ಹರಿಯುತ್ತಿರುತ್ತದೆ. ಶುಚಿಯಿಲ್ಲದ ಕತ್ತರಿಯಿಂದ ಧನುರ್ವಾಯು ತಗಲುವ, ಸಡಿಲ ಗಂಟಿನಿಂದ ಮಗುವಿಗೆ ರಕ್ತ ಸೋರುವ ಅಪಾಯದ ಮುಂದೆ ಕತ್ತರಿಸದೆ ಬಿಟ್ಟ ಬಳ್ಳಿಯಿಂದ ಯಾವ ತೊಂದರೆಯೂ ಇರಲಿಲ್ಲ. ಮಾಸು ಬೀಳಲು ಅರ್ಧ ಗಂಟೆಯೂ ಆಗಬಹುದು, ಬಳ್ಳಿ ಎಳೆಯಬೇಡಿ ಎಂದು ಎಚ್ಚರಿಸಿ, ಎಷ್ಟು ಬಟ್ಟೆ ರಕ್ತದಲ್ಲಿ ತೊಯ್ದಿದೆ ಎಂದು ಎರಡೆರಡು ಬಾರಿ ವಿಚಾರಿಸಿದರು. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವುದನ್ನು ಅತಿಸ್ರಾವವೆಂದು ಪರಿಗಣಿಸುತ್ತಾರೆ. ಆ ಪ್ರಶ್ನೆಯ ಹಿಂದೆ ಇದ್ದದ್ದು ಆ ಲೆಕ್ಕ.

ಇಷ್ಟು ಚೊಕ್ಕವಾದ ಮಾರ್ಗದರ್ಶನದಲ್ಲಿ ಒಂದು ಸೂಚನೆ ಬಿಟ್ಟುಹೋಗಿತ್ತು. ಮಗುವನ್ನು ಒರೆಸಿ ಎಂದರೇ ಹೊರತು ಒರೆಸಿದ ಬಟ್ಟೆಯನ್ನು ತೆಗೆದು ಒಣಗಿದ್ದನ್ನು ಹೊದಿಸಿ ಎನ್ನಲಿಲ್ಲ. ತಲೆ ಮುಚ್ಚಬೇಕೆಂದಾಗಲಿ ಕಾರಿನ ಎಸಿ ಆರಿಸಬೇಕೆಂದಾಗಲಿ ಹೇಳಲಿಲ್ಲ. ಹೇಳಿದ್ದನ್ನು ಮಾತ್ರ ಮಾಡುವ ಸ್ಥಿತಿಯಲ್ಲಿದ್ದ ನಾನು ಅದೇ ಒದ್ದೆ ಟವೆಲನ್ನು ಹೊದಿಸಿದೆ. ನವಜಾತ ಶಿಶುವಿನ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇರಬೇಕು. ಆ್ಯಂಬುಲೆನ್ಸಿನವರು ಅಳೆದಾಗ 36.1 ಇತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಸರಿಹೋಯಿತು ನಿಜ, ಆದರೂ ಒಂದೇ ವಾಕ್ಯದಲ್ಲಿ ತಪ್ಪಿಸಬಹುದಾಗಿದ್ದ ಲೋಪವಿದು.

ವಾಹನದಲ್ಲಿ ಬಂದ ಇಬ್ಬರೂ ಕೆಲಸ ಬಲ್ಲವರು. ಮೊದಲು ಟವೆಲ್ ಬದಲಿಸಿ ಟೋಪಿ ಹಾಕಿದರು, ಬಳ್ಳಿಗೆ ಎರಡು ಕಡೆ ಕ್ಲಿಪ್ ಹಾಕಿ ನಡುವೆ ಕತ್ತರಿಸಿದರು, ರಕ್ತಸ್ರಾವ ತಡೆಯಲು ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರು. ಮಾಸು ದಾರಿಯಲ್ಲೇ ಬಿತ್ತು. ಇನ್ನೂ ಮೊದಲೇ ಹೊರಡಬಾರದಿತ್ತೇ ಎಂದು ಅವರಲ್ಲೊಬ್ಬರು ಕೇಳಿದ್ದು ಮಾತ್ರ ಅನವಶ್ಯಕ. ಆಸ್ಪತ್ರೆಯ ದಾಖಲೆಯಲ್ಲಿ ನಾವು ತಲುಪಿದ ಹೊತ್ತನ್ನೇ ಜನನ ಸಮಯವೆಂದು ಬರೆದುಬಿಟ್ಟಿದ್ದರು. ಫೋನಿನ ಆಚೆ ಬದಿಯಲ್ಲಿ ಬರೆದಿಟ್ಟ 4.44ರಿಂದಲೇ ಅದನ್ನು ತಿದ್ದಿಸಲು ಸಾಧ್ಯವಾಯಿತು.

ತಿಂಗಳ ನಂತರ ಸೇವೆಯವರಿಂದ ಅಭಿಪ್ರಾಯ ಕೇಳುವ ಕರೆ ಬಂತು. ವಾಹನ ಎಷ್ಟು ನಿಮಿಷಕ್ಕೆ ಬಂತು, ಸ್ವಚ್ಛವಾಗಿತ್ತೇ, ಸಿಬ್ಬಂದಿ ಸೌಜನ್ಯದಿಂದ ವರ್ತಿಸಿದರೇ ಎಂಬ ಮೂರು ಪ್ರಶ್ನೆಗಳಿಗೆ ಒಂದರಿಂದ ಐದರವರೆಗಿನ ಅಂಕೆ ಒತ್ತಬೇಕಿತ್ತು. ಫೋನಿನಲ್ಲಿದ್ದ ಮಹಿಳೆಯ ಬಗ್ಗೆಯಾಗಲಿ ಒದ್ದೆ ಟವೆಲಿನ ಬಗ್ಗೆಯಾಗಲಿ ಹೇಳಲು ಅದರಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಎರಡನ್ನೂ ಇಲ್ಲಿ ಬರೆದಿದ್ದೇನೆ.