ಮಂಗಳೂರು ಕೋರ್ಟಿನ ಉಚಿತ ಕಾನೂನು ನೆರವು: ವಿಚ್ಛೇದನಕ್ಕೆ ಹೋದವಳ ಅನುಭವ

ಬಿಟ್ಟಿಗೆ ಸಿಗುವ ವಕೀಲರು ಎಂತ ಕೇಸ್ ನಡೆಸಿಯಾರು ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಡಿಯಾಲ್‌ಬೈಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಟ್ಟ ವಕೀಲರು ಮತ್ತು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರ, ಈ ಎರಡರಿಂದ ನನ್ನ ವಿಚ್ಛೇದನ ಮುಗಿಯಿತು. ಮುಗಿದದ್ದಷ್ಟೇ ಅಲ್ಲ, ಬರಬೇಕಾದ ಹಣ ಕೈಗೆ ಬಂತು, ನನ್ನದಲ್ಲದ ಸಾಲ ನನ್ನ ಹೆಸರಿನಿಂದ ಇಳಿಯಿತು. ನಾನು ಒಂದು ಸಹಕಾರಿ ಸಂಘದಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವಳು. ಗಂಡನ ಮನೆ ಬಿಟ್ಟು ಬಂದ ಹೆಂಗಸರು ಇರುವ ಎರಡು ಬಳೆ ಅಡವಿಟ್ಟು ವಕೀಲರ ಫೀಸಿಗೆ ಹಣ ಹೊಂದಿಸುವುದನ್ನು ಎದುರಿಗೇ ನೋಡುತ್ತೇನೆ. ಅವರಲ್ಲಿ ಬಹಳ ಮಂದಿಗೆ ಆ ಸಾಲದ ಅಗತ್ಯವೇ ಇಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗಲಿಕ್ಕೆ ಆದಾಯದ ಮಿತಿ ಇಲ್ಲ. ಸಂಬಳ ಇದ್ದರೂ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯ ನೋಡುತ್ತಾರೆ. ಆಧಾರ್ ಕಾರ್ಡ್, ಮದುವೆ ಸರ್ಟಿಫಿಕೇಟ್, ಒಂದು ಅರ್ಜಿ, ಇಷ್ಟೇ. ವಕೀಲರ ಫೀಸ್ ಪ್ರಾಧಿಕಾರ ಕೊಡುತ್ತದೆ, ಕೋರ್ಟ್ ಶುಲ್ಕವೂ ಅದರಲ್ಲೇ ಬರುತ್ತದೆ. ಫೋನಿನಲ್ಲಿ ಕೇಳುವವರಿಗೆ 15100 ಉಂಟು. ಉಡುಪಿಯವರು ಮಂಗಳೂರಿಗೆ ಬರಬೇಕಾಗಿಲ್ಲ, ಪ್ರತಿ ಜಿಲ್ಲೆಗೂ ಇಂಥ ಪ್ರಾಧಿಕಾರ ಉಂಟು.

ಇದಕ್ಕಿಂತ ಮೊದಲು ನಾನು ಹಣ ಕೊಟ್ಟು ಒಬ್ಬ ವಕೀಲರನ್ನು ಕಂಡಿದ್ದೆ. ಹೆಸರು ಬೇಡ. "ಮೊದಲು ಒಂದು ಪೊಲೀಸ್ ಕೇಸ್ ಹಾಕುವ, ಆಮೇಲೆ ಅವರೇ ದಾರಿಗೆ ಬರ್ತಾರೆ" ಎಂದರು. ನನ್ನ ಗಂಡ ನನ್ನ ಮೇಲೆ ಕೈ ಮಾಡಿದವರಲ್ಲ. ಕುವೈತಿನಲ್ಲಿದ್ದು ಇದ್ದು ನಮ್ಮಿಬ್ಬರ ನಡುವೆ ಮಾತು ಬತ್ತಿ ಹೋಯಿತು, ಅಷ್ಟೇ. ಇಲ್ಲದ ಹೊಡೆತದ ಕಥೆ ಕಟ್ಟಿ ಮಗಳ ಅಪ್ಪನನ್ನು ಸ್ಟೇಷನ್ನಿಗೆ ಎಳೆಯಲಿಕ್ಕೆ ನಾನು ಒಪ್ಪಲಿಲ್ಲ. ನಿಜವಾಗಿ ಪೆಟ್ಟು ತಿಂದವರ ಮಾತು ಬೇರೆ. ಅವರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಉಂಟು, ಮನೆ ಯಾರ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಆ ಕಾಯ್ದೆಯಲ್ಲಿ ಕೇಳಬಹುದು.

ಪ್ರಾಧಿಕಾರ ಕೊಟ್ಟ ವಕೀಲರು ವಯಸ್ಸಾದ ಹೆಂಗಸು. ನಾನು ಅತ್ತೆ ಮನೆಯ ವಿಷಯ ತೆಗೆಯುತ್ತಿದ್ದ ಹಾಗೆ ಕೈ ತೋರಿಸಿ ನಿಲ್ಲಿಸಿದರು. "ನೋಡಮ್ಮಾ, ಆ ಕಥೆ ಆಮೇಲೆ ಕೇಳ್ತೇನೆ. ಮೊದಲು ಪಾಸ್‌ಬುಕ್ ತೋರ್ಸು." ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಬರೆಯಲಿಕ್ಕೆ ಶುರು ಮಾಡಿದರು: ವಸ್ತು ಯಾವುದು, ಯಾರ ಹೆಸರಲ್ಲಿ, ಹಣ ಯಾರದು, ಸಾಲ ಎಷ್ಟು ಬಾಕಿ, ನಾಮಿನಿ ಯಾರು. ದೇರೆಬೈಲಿನ ಫ್ಲಾಟು, ಸ್ಕೂಟರು, ಎಫ್‌ಡಿ, ಎಲ್‌ಐಸಿ, ನನ್ನ ಪಿಎಫ್, ಲಾಕರು ಎಲ್ಲ ಆ ಹಾಳೆಗೆ ಬಂತು. ಹಟ ಹಿಡಿದು ನಡೆಯುವ ಕೇಸಿನಲ್ಲಿ ಜೀವನಾಂಶ ಕೇಳಿದರೆ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನಮ್ಮದು ಅಲ್ಲಿಯವರೆಗೆ ಹೋಗದಿದ್ದರೂ ಅವರು ಅದೇ ಕ್ರಮದಲ್ಲಿ ಲೆಕ್ಕ ಮಾಡಿಸಿದರು.

ಚಿನ್ನದ ಲೆಕ್ಕ ಮಾಡಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆ ಆಲ್ಬಮ್ ತರಿಸಿದರು. ಧಾರೆಯ ಫೋಟೋದಲ್ಲಿ ಕೈಬೆರಳಿಟ್ಟು ಒಂದೊಂದೇ ಕೇಳಿದರು. ಕರಿಮಣಿ, ಲಕ್ಷ್ಮೀಸರ, ಎರಡು ಜೋಡಿ ಬಳೆ, ಮದಿರಂಗಿ ದಿನ ಮಾವ ಹಾಕಿದ ಉಂಗುರ. ಎಷ್ಟು ಪವನು, ಯಾರು ಕೊಟ್ಟದ್ದು, ಬಿಲ್ಲು ಉಂಟಾ, ಈಗ ಯಾರ ಹತ್ತಿರ? ನನ್ನ ಕಸುಬೇ ಅದಾದ್ದರಿಂದ ತೂಕ ಹೇಳಲಿಕ್ಕೆ ತಡವಾಗಲಿಲ್ಲ. ತವರಿನವರು ಕೊಟ್ಟದ್ದು, ಗಂಡನ ಮನೆಯವರು ಪ್ರೀತಿಯಿಂದ ಹಾಕಿದ್ದು ಎರಡೂ ಸ್ತ್ರೀಧನ, ಪೂರ್ತಿ ನನ್ನದು. ಅದನ್ನು ಪರಿಹಾರದ ಮೊತ್ತದಲ್ಲಿ ಸೇರಿಸಿ ಲೆಕ್ಕ ಹಾಕಲಿಕ್ಕೆ ಬಿಡಬಾರದು ಎಂದರು. ಲಾಕರು ಇಬ್ಬರ ಹೆಸರಲ್ಲಿ ಇತ್ತು. ಯಾರು ಯಾವಾಗ ತೆರೆದರು ಎಂದು ಬ್ಯಾಂಕಿನ ರಿಜಿಸ್ಟರಿನಲ್ಲಿ ದಾಖಲೆ ಇರುತ್ತದೆ, ಅದರ ವಿವರ ಕೇಳಿ ಪತ್ರ ಬರೆಸಿದರು. ಎಷ್ಟೋ ಕಡೆ "ಚಿನ್ನ ನೀವೇ ತಕೊಂಡು ಹೋದ್ರಿ", "ಇಲ್ಲ, ನಿಮ್ಮಲ್ಲೇ ಉಂಟು" ಎಂಬ ವಾದದಲ್ಲಿ ವರ್ಷಗಳು ಹೋಗುತ್ತವೆ. ನಮ್ಮಲ್ಲಿ ಆ ವಾದವೇ ಏಳಲಿಲ್ಲ.

ಫ್ಲಾಟಿನದ್ದು ಇನ್ನೂ ಕಷ್ಟದ ವಿಷಯ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಅರ್ಧ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಮ್ಮ ಕಾನೂನಿನಲ್ಲಿ ಹಾಗೆ ಇಲ್ಲ. ಯಾರ ಹೆಸರಲ್ಲಿ ಉಂಟೋ ಅವರದ್ದು, ಜಂಟಿ ಇದ್ದರೆ ಪಾಲು. ಉಳಿದದ್ದನ್ನು ಜೀವನಾಂಶವಾಗಿ ಕೇಳಬೇಕು. ಇಬ್ಬರೂ ಸೇರಿ ಮಾಡಿದ ಸಾಲ ಮಾತ್ರ ಜಂಟಿಯಾಗಿಯೇ ಉಳಿಯುತ್ತದೆ. ಫ್ಲಾಟು ಗಂಡನಿಗೆ, ಕಂತೂ ಅವರೇ ಕಟ್ಟುವುದು ಎಂದು ಕೋರ್ಟಿನಲ್ಲಿ ಬರೆದುಕೊಂಡರೂ ಬ್ಯಾಂಕು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವರು ಕಂತು ತಪ್ಪಿಸಿದರೆ ನೋಟಿಸು ನನಗೂ ಬರುತ್ತದೆ, ಸಿಬಿಲ್ ಸ್ಕೋರು ನನ್ನದೂ ಕೆಡುತ್ತದೆ. ಹಾಗಾಗಿ ಸಾಲವನ್ನು ಅವರೊಬ್ಬರ ಹೆಸರಿಗೆ ಬದಲಿಸಿ, ನನ್ನ ಹೆಸರು ತೆಗೆದದ್ದಕ್ಕೆ ಬ್ಯಾಂಕಿನ ಪತ್ರ ತರಬೇಕೆಂದು ವಕೀಲರು ಒಪ್ಪಂದದಲ್ಲೇ ಹಾಕಿಸಿದರು.

ಫ್ಲಾಟಿನಲ್ಲಿ ನನ್ನ ಪಾಲು ಬಿಟ್ಟುಕೊಡುವ ಕೆಲಸಕ್ಕೆ ಹೊತ್ತು ನೋಡಬೇಕಿತ್ತು. ಗಂಡ ಹೆಂಡತಿಯ ನಡುವೆ ಆಗುವ ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಉಂಟು. ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ವಿಚ್ಛೇದನ ಆದೇಶ, ಆದ ಮೇಲೆ ಅವರು ಒಂದೇ ಕುಟುಂಬವಲ್ಲ, ರಿಯಾಯಿತಿಯೂ ಇಲ್ಲ. ಹಾಗೆಂದು ಮೊದಲೇ ಸಹಿ ಹಾಕಿಕೊಟ್ಟರೆ? ಪರಸ್ಪರ ಒಪ್ಪಿಗೆಯ ಕೇಸಿನಲ್ಲಿ ಡಿಕ್ರಿ ಬರುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆ ತೆಗೆಯಬಹುದು. ಆಗ ಫ್ಲಾಟೂ ಹೋಯಿತು, ಹಣವೂ ಇಲ್ಲ. ಅದಕ್ಕೆ ಮೊತ್ತದ ಒಂದು ಪಾಲು ಮೊದಲ ಅರ್ಜಿಯ ದಿನ, ಉಳಿದದ್ದಕ್ಕೆ ಡಿಮಾಂಡ್ ಡ್ರಾಫ್ಟ್ ಆರು ತಿಂಗಳ ಮೇಲೆ ಹಾಕುವ ಎರಡನೇ ಅರ್ಜಿಯ ಹೊತ್ತಿಗೆ ತಯಾರು, ಅದರ ಹಿಂದಿನ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಎಂದು ಜೋಡಿಸಿದರು. ಗಂಡನ ಪರವಾಗಿ ಅವರ ಅಣ್ಣ ಕುವೈತಿನ ನಮ್ಮ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಹಿಡಿದುಕೊಂಡು ಬಂದಿದ್ದರು. ಫೀಸ್ ಕೊಟ್ಟಿದ್ದರೂ ಇಷ್ಟು ಮುತುವರ್ಜಿಯಿಂದ ಇನ್ನೊಬ್ಬರು ಮಾಡುತ್ತಿದ್ದರು ಎಂದು ನನಗೆ ಅನಿಸುವುದಿಲ್ಲ.

ಒಟ್ಟಿಗೆ ಮೊತ್ತವೋ, ತಿಂಗಳು ತಿಂಗಳು ಜೀವನಾಂಶವೋ ಎಂಬುದನ್ನೂ ಯೋಚಿಸಿ ಹೇಳಬೇಕು. ಒಂದೇ ಸಲ ಬರುವ ಮೊತ್ತವನ್ನು ಆದಾಯ ಎಂದು ಎಣಿಸಿ ತೆರಿಗೆ ಹಾಕುವುದಿಲ್ಲ, ತಿಂಗಳಿನದ್ದು ಆದಾಯ. ಬಾಂಬೆ ಹೈಕೋರ್ಟಿನ ಹಳೆಯ ತೀರ್ಪೊಂದು ಇದಕ್ಕೆ ಆಧಾರ. ಮೊತ್ತವನ್ನು ಎಫ್‌ಡಿ ಇಟ್ಟರೆ ಬಡ್ಡಿಗೆ ತೆರಿಗೆ ಇದ್ದೇ ಉಂಟು. ಗಂಡ ವಿದೇಶದಲ್ಲಿದ್ದು ತಿಂಗಳ ಹಣ ನಿಲ್ಲಿಸಿದರೆ ವಸೂಲಿಗೆ ಅಲೆಯಬೇಕಾದೀತು ಎಂದು ನಾನು ಒಟ್ಟು ಮೊತ್ತವನ್ನೇ ಆರಿಸಿದೆ. ಮಗಳ ಖರ್ಚನ್ನು ಮಾತ್ರ ಬೇರೆಯೇ ಇಟ್ಟೆವು. ಅದು ಅವಳ ಹಕ್ಕು, ನಾನು ಬಿಟ್ಟುಕೊಡಲಿಕ್ಕೆ ಬರುವುದಿಲ್ಲ.

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ, ಮನೆಯವರಿಗೆ ಒಂದು ಮಾತು. ನನ್ನ ತಾಯಿಯ ಕುಟುಂಬದ ಆಸ್ತಿಯಲ್ಲಿ ನನಗಿರುವ ಪಾಲಿಗೆ ಎಂತದಾದರೂ ತೊಂದರೆ ಬಂದೀತಾ ಎಂದು ಸೋದರಮಾವನಿಗೆ ಹೆದರಿಕೆ ಇತ್ತು. ವಿಚ್ಛೇದನದಿಂದ ಆ ಪಾಲು ಹೋಗುವುದಿಲ್ಲ. ಜೀವನಾಂಶ ನಿರ್ಧರಿಸುವಾಗ ಹೆಂಡತಿಯ ಆಸ್ತಿಯನ್ನೂ ಕೋರ್ಟ್ ನೋಡುತ್ತದೆ ಎಂಬುದು ಬೇರೆ. ಆದರೆ ಡಿಕ್ರಿ ಆಗದೆ ಬರೇ ಬೇರೆ ಬೇರೆ ಇದ್ದರೆ, ಎಷ್ಟು ವರ್ಷ ಕಳೆದರೂ ಗಂಡ ಹೆಂಡತಿ ಒಬ್ಬರಿಗೊಬ್ಬರು ವಾರಸುದಾರರೇ. "ಕೋರ್ಟು ಯಾಕೆ, ದೂರ ಇದ್ದರೆ ಆಯ್ತಲ್ಲ" ಎನ್ನುವ ಹಿರಿಯರು ಇದನ್ನು ತಿಳಿಯಬೇಕು. ಕೆಥೊಲಿಕ್ ಗೆಳತಿಯರಿಗೂ ಇದೇ: ಇಗರ್ಜಿಯ ನ್ಯಾಯಮಂಡಳಿ ಮದುವೆ ಅಸಿಂಧು ಎಂದರೂ ಸರ್ಕಾರದ ಲೆಕ್ಕದಲ್ಲಿ ಮದುವೆ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅವರು 1869ರ ವಿಚ್ಛೇದನ ಕಾಯ್ದೆಯಲ್ಲಿ ಕೋರ್ಟಿಗೆ ಹೋಗಲೇಬೇಕು.

ಮಧ್ಯಸ್ಥಿಕೆ ಕೇಂದ್ರಕ್ಕೆ ಕೋರ್ಟೇ ಕಳಿಸುತ್ತದೆ, ಹಣ ಕೊಡಲಿಕ್ಕಿಲ್ಲ. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ, ಅದೇ ಅದರ ದೊಡ್ಡ ಗುಣ. ಮಧ್ಯಸ್ಥಗಾರರು ನಮ್ಮನ್ನು ಒಟ್ಟಿಗೂ, ಬೇರೆ ಬೇರೆಯಾಗಿಯೂ ಕೂರಿಸಿ ಮಾತಾಡಿಸಿದರು. ಹಣದ ಮಾತಿಗೆ ಮೊದಲು ನನ್ನ ಗಂಡನಲ್ಲಿ, "ಏಪ್ರಿಲ್ ರಜೆಯಲ್ಲಿ ಮಗಳೊಟ್ಟಿಗೆ ಎಂತ ಮಾಡ್ಬೇಕಂತ ಉಂಟು ನಿಮ್ಗೆ?" ಎಂದು ಕೇಳಿದರು. ಅವರು ತುಂಬ ಹೊತ್ತು ಮಾತಾಡಿದರು. ಅಷ್ಟು ವರ್ಷ ನನ್ನ ಹತ್ತಿರ ಹೇಳದ್ದನ್ನೆಲ್ಲ ಅಲ್ಲಿ ಹೇಳಿದರು. ಮಗಳು ನನ್ನೊಂದಿಗೆ, ರಜೆಯ ಅರ್ಧ ಅಪ್ಪನೊಂದಿಗೆ, ವಾರಕ್ಕೊಮ್ಮೆ ವಿಡಿಯೋ ಕಾಲ್ ಎಂದು ಬರೆದೆವು. ಮಕ್ಕಳ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ, ಆದ್ದರಿಂದ ನವೀಕರಣಕ್ಕೆ ಸಹಿ ಕೊಡುತ್ತೇನೆ ಎಂಬ ಸಾಲನ್ನೂ ಹಾಕಿಸಿಕೊಳ್ಳಿ.

ಕಾಲದ ವಿಷಯ: ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ನಿನಲ್ಲಿ ಒಂದು ವರ್ಷ ಬೇರೆ ಇದ್ದ ಮೇಲೆ ಒಪ್ಪಿಗೆಯ ಅರ್ಜಿ ಹಾಕಬಹುದು, ಆಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಕೇಳಲಿಲ್ಲ, ಸಾಲ ಬದಲಿಸಲಿಕ್ಕೆ ಬ್ಯಾಂಕಿಗೆ ಆ ಸಮಯ ಬೇಕಿತ್ತು. ಎರಡನೇ ಅರ್ಜಿಗೆ ಗಂಡ ವಿಡಿಯೋ ಮೂಲಕ ಹಾಜರಾದರು.

ಈ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಯಾಕೆ ಇಲ್ಲವೆಂದರೆ, ನನ್ನ ಕೇಸಿನಲ್ಲಿ ಕಾನೂನು ನೆರವು ಡಿಕ್ರಿಗೇ ಮುಗಿಯಿತು. ಆಮೇಲೆ ಎಲ್‌ಐಸಿ, ಪಿಎಫ್, ಬ್ಯಾಂಕಿನ ನಾಮಿನಿ ತನ್ನಿಂತಾನೇ ಬದಲಾಗುವುದಿಲ್ಲ. ಪಡಿತರ ಚೀಟಿ ಬೇರೆ ಮಾಡಿಸಬೇಕು, ಗೃಹಲಕ್ಷ್ಮಿಯ 2000 ರೂಪಾಯಿ ಬರುವುದೂ ಆ ಚೀಟಿಯ ಯಜಮಾನಿಗೇ. ಡಿಕ್ರಿಯ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆದಿಟ್ಟುಕೊಂಡು ಇದನ್ನೆಲ್ಲ ನಾವೇ ಮಾಡಿಸಬೇಕು. ವಾರಕ್ಕೊಂದು ದಿನ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಅಲ್ಲಿ ಬಂದು ಕೂತರೆ ಎಷ್ಟೋ ಹೆಂಗಸರಿಗೆ ಉಪಕಾರವಾದೀತು. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಪ್ರಾಧಿಕಾರದಲ್ಲಿ ಒಮ್ಮೆ ವಿಚಾರಿಸಿ.